ಮಂಜಿನಲ್ಲಿ ಕೂಗಿದ ಕುಕ್ಕರು

"ಇಲ್ಲಿ ನೋಡಿ, ದೋಣಿ ನಡೆಸ್ತಾ ಇರೋದು ನಾನೇ," ಎಂದು ಅಪ್ಪ ಗೋಡೆಯ ಮೇಲೆ ಮೂಡಿದ ಚಿತ್ರಕ್ಕೆ ಕೋಲು ತೋರಿಸಿದರು.

ಚಿತ್ರದಲ್ಲಿ ಹಾಯಿದೋಣಿ ಇತ್ತು, ಬಿಸಿಲಿತ್ತು, ಕ್ಯಾಪ್ಟನ್ ಟೋಪಿ ಹಾಕಿದ ಅಪ್ಪ ಇದ್ದರು. ದೋಣಿಯನ್ನು ದಡದ ಕಂಬಕ್ಕೆ ಕಟ್ಟಿದ್ದ ಹಗ್ಗ ಮಾತ್ರ ಇರಲಿಲ್ಲ. "ಹಗ್ಗ ಬರದ ಹಾಗೆ ತೆಗಿ ಪುಟ್ಟಿ" ಎಂದು ಅಪ್ಪನೇ ಹೇಳಿದ್ದರು. ಫೋಟೋ ತೆಗೆದವಳು ಹೇಮಶ್ರೀ.

ಡ್ಯಾನ್‌ವಿಲ್‌ನ ಅವರ ಲಿವಿಂಗ್ ರೂಮು ಆ ಸಂಜೆ ತುಂಬಿಹೋಗಿತ್ತು. ರಜೆಗೆ ಹೋಗಿ ಬಂದವರು ಉಳಿದವರನ್ನು ಊಟಕ್ಕೆ ಕರೆದು ಸ್ಲೈಡು ತೋರಿಸಬೇಕು, ಸ್ಲೈಡು ಮುಗಿಯುವ ತನಕ ಊಟ ಹಾಕಬಾರದು. ಅದು ಅಲ್ಲಿನ ಕನ್ನಡದವರ ಪದ್ಧತಿ. ಹಸಿದವರು ಏನು ತೋರಿಸಿದರೂ "ವಾವ್" ಅನ್ನುತ್ತಾರೆ.

ಅಪ್ಪ ತಿರುಮಲೇಶ ಎಮರಿವಿಲ್‌ನ ಡಾಟ್ ಕಾಮ್ ಕಂಪನಿಯೊಂದರಲ್ಲಿ ವೈಸ್ ಪ್ರೆಸಿಡೆಂಟು. ಕಂಪನಿ ಇಂಟರ್‌ನೆಟ್ಟಿನಲ್ಲಿ ನಾಯಿಗಳಿಗೆ ಸ್ವೆಟರ್ ಮಾರುತ್ತಿತ್ತು. ಅಲ್ಲಿ ಮುಕ್ಕಾಲು ಜನ ವೈಸ್ ಪ್ರೆಸಿಡೆಂಟುಗಳೇ. ಅವರೆಲ್ಲ ಬೇಸಿಗೆಗೆ ಹವಾಯಿಗೆ ಹೊರಟಿದ್ದರಿಂದ ಅಪ್ಪ ಡೆನ್ಮಾರ್ಕ್ ಹುಡುಕಿದ್ದರು.

"ವೆದರ್ ಹೇಗಿತ್ತು?" ಪಕ್ಕದ ಬೀದಿಯ ಕಾವ್ಯಾ ಆಂಟಿ ಕೇಳಿದರು.

ಡೆನ್ಮಾರ್ಕಿನ ಹವೆ ಅಪ್ಪನ ಕಂಪನಿಯ ಶೇರಿನ ಹಾಗೆ ಗಂಟೆಗೊಂದು ಥರ ಇತ್ತು. ತಿಂಡಿಗೆ ಬಿಸಿಲು, ಕಾಫಿಗೆ ಆಲಿಕಲ್ಲು, ಊಟದ ಹೊತ್ತಿಗೆ ದಟ್ಟ ಮಂಜು.

"ಮಂಜಿನಲ್ಲಿ ಎದುರಿಗೇ ಹಡಗು," ಅಪ್ಪ ದನಿ ತಗ್ಗಿಸಿದರು. "ಹೇಮಾ ಗೊಳೋ ಅಂತ ಅಳೋಕೆ ಶುರು ಮಾಡಿದ್ಲು. ನೀರು ಅಂದ್ರೆ ಭಯ ಅವಳಿಗೆ, ಪಾಪ. ಒಂದು ಕೈಯಲ್ಲಿ ಇವಳನ್ನ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ದೋಣಿ ಸಂಭಾಳಿಸಿದೆ."

"ವಾವ್," ಎಂದರು ಹಸಿದವರು.

"ಅಯ್ಯೋ, ಹಾಗಾದ್ರೆ ಸೋಮವಾರ ನಾನು ಮಕ್ಕಳನ್ನ ಕರ್ಕೊಂಡು ಹೋಗೋ ಸೇಲಿಂಗ್ ಕ್ಯಾಂಪಿಗೆ ಇವಳು ಬೇಡ ಬಿಡಿ," ಎಂದರು ಕಾವ್ಯಾ ಆಂಟಿ. "ಅಲ್ಲಿ ಅತ್ರೆ ನಾನೇನು ಮಾಡ್ಲಿ? ವ್ಯಾನಿನ ಸೀಟು ಬೇರೆ ಮಗೂಗೆ ಕೊಡ್ತೀನಿ."

ಡೆನ್ಮಾರ್ಕಿನಿಂದ ಬಂದಾಗಿನಿಂದ ಹೇಮಶ್ರೀ ಕಾದಿದ್ದೇ ಆ ಕ್ಯಾಂಪಿಗೆ. ಅಲ್ಲಿ ಮಕ್ಕಳೇ ಪುಟ್ಟ ಹಾಯಿದೋಣಿ ನಡೆಸುತ್ತಾರೆ.

"ಬಟ್ ಅಪ್ಪಾ, ಐ ಡಿಡಂಟ್..."

"ಇರ್ಲಿ ಪುಟ್ಟಿ, ನಾಚ್ಕೋಬೇಡ," ಎಂದು ಅಪ್ಪ ಮುಂದಿನ ಸ್ಲೈಡು ಹಾಕಿದರು.

ನಡೆದದ್ದೇ ಬೇರೆ. ಮಂಜು ಕವಿದಾಗ ಅಮ್ಮ ದೋಣಿಯ ಒಳಗೆ ಅನ್ನಕ್ಕಿಟ್ಟಿದ್ದರು. ಡ್ಯಾನ್‌ವಿಲ್‌ನಿಂದ ಹೊತ್ತುಕೊಂಡು ಹೋಗಿದ್ದ ಕುಕ್ಕರು ವಿಷಲ್ ಹಾಕಿತು. ಮಂಜಿನಾಚೆ ಇದ್ದ ಯಾವುದೋ ಹಡಗು, ಇದೊಂದು ದೋಣಿಯ ಕೂಗು ಎಂದುಕೊಂಡು, ಭೋಂ ಎಂದು ಉತ್ತರ ಕೊಟ್ಟಿತು. ಕುಕ್ಕರು ಮತ್ತೆ ಕೂಗಿತು. ಹಡಗೂ ಮರ್ಯಾದೆಯಿಂದ ಮತ್ತೆ ಉತ್ತರ ಕೊಟ್ಟಿತು.

ದೋಣಿ ನಡೆಸುತ್ತಿದ್ದ ಕಿರ್ಸ್ಟನ್ ಎಂಬಾಕೆ ಅಷ್ಟು ದಿನವೂ ಹೇಮಶ್ರೀಗೆ ಚುಕ್ಕಾಣಿ ಹಿಡಿಯಲು ಕಲಿಸಿದ್ದಳು. "ನೇರವಾಗಿ ಹಿಡಿದಿರು" ಎಂದು ಅದನ್ನು ಅವಳ ಕೈಗೆ ಕೊಟ್ಟು, ಹಡಗು ಎಲ್ಲಿದೆ ಎಂದು ನೋಡಲು ಮುಂದಕ್ಕೆ ಓಡಿದಳು. ಪಕ್ಕದಲ್ಲೇ ಕೂಗಿದ್ದೂ ಹಡಗೇ ಎಂದುಕೊಂಡು ಅಪ್ಪ ದೋಣಿಯ ತಳದಲ್ಲಿ ಮುದುಡಿ ಕೂತು ಗೊಳೋ ಎಂದು ಅಳುತ್ತಿದ್ದರು. "ಕುಕ್ಕರ್ ಅಷ್ಟೇ ಅಪ್ಪಾ" ಎಂದರೂ ಕೇಳಲಿಲ್ಲ. ಹೇಮಶ್ರೀ ಒಂದೇ ಕೈಯಲ್ಲಿ ಚುಕ್ಕಾಣಿ ಹಿಡಿದಳು. ಇನ್ನೊಂದು ಕೈಯನ್ನು ಅಪ್ಪ ಬಿಟ್ಟರೆ ತಾನೇ?

ಈಗ ಹೇಳಿಬಿಡಬೇಕು, ಎಲ್ಲರ ಎದುರಿಗೇ. ಹೇಮಶ್ರೀ ಎದ್ದು ಅಪ್ಪನ ಪಕ್ಕ ನಿಂತಳು.

ಅಡುಗೆಮನೆಯಲ್ಲಿ ಕುಕ್ಕರು ಕೂಗಿತು.

ಅಪ್ಪನ ಕೋಲು ಕೆಳಗೆ ಬಿತ್ತು. ಅವರು ಗಕ್ಕನೆ ಕುಸಿದು ಹೇಮಶ್ರೀಯ ಕೈ ಹಿಡಿದುಕೊಂಡರು.

"ಏನಾಯ್ತು ಕ್ಯಾಪ್ಟನ್?" ಎಂದು ಯಾರೋ ಕಿಸಕ್ಕನೆ ನಕ್ಕರು.

ಹೇಳಬೇಕೆಂದಿದ್ದ ಮಾತೆಲ್ಲ ಹೇಮಶ್ರೀಯ ನಾಲಿಗೆಯ ತುದಿಯಲ್ಲೇ ಇತ್ತು. ಅಪ್ಪನ ಕೈ ಒದ್ದೆಯಾಗಿತ್ತು, ತಣ್ಣಗಿತ್ತು. ಕೋಪ ಇನ್ನೂ ಹೋಗಿರಲಿಲ್ಲ. ಆದರೂ ಅವಳು ಅವರ ಕಿವಿಯ ಹತ್ತಿರ ಬಗ್ಗಿದಳು.

"ಕುಕ್ಕರ್ ಅಷ್ಟೇ ಅಪ್ಪಾ. ಜಸ್ಟ್ ದ ಕುಕ್ಕರ್."

ಅಪ್ಪ ಅವಳ ಮುಖವನ್ನೇ ನೋಡಿದರು. ಕೈ ಬಿಡದೆಯೇ ಕಾವ್ಯಾ ಆಂಟಿಯ ಕಡೆ ತಿರುಗಿದರು.

"ಕಾವ್ಯಾ, ಆ ಸೀಟು ಯಾರಿಗೂ ಕೊಡ್ಬೇಡಿ."

"ಭಯ ಅಂದ್ರಲ್ಲ?"

"ಭಯ ಆಗಿದ್ದು ಅವಳಿಗಲ್ಲ. ಅವತ್ತು ಚುಕ್ಕಾಣಿ ಹಿಡಿದಿದ್ದು ಅವಳೇ."

ಈ ಸಲ ಯಾರೂ ವಾವ್ ಅನ್ನಲಿಲ್ಲ. ಅಮ್ಮ ಬಂದು ಲೈಟು ಹಾಕಿದರು. "ಸ್ಲೈಡು ಸಾಕು, ತಟ್ಟೆ ತಗೊಳ್ಳಿ. ಇನ್ನೊಂದು ವಿಷಲ್ ಆದ್ರೆ ಅನ್ನ ಆಯ್ತು."

ಎಲ್ಲರೂ ತಟ್ಟೆಯತ್ತ ನುಗ್ಗಿದರು. ಆ ಇನ್ನೊಂದು ವಿಷಲ್ ಆಗುವ ತನಕ ಹೇಮಶ್ರೀ ತನ್ನ ಕೈ ಬಿಡಿಸಿಕೊಳ್ಳಲಿಲ್ಲ.