ಹೊಸಹಳ್ಳಿಯ ಕಾಗದದ ಆಲ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಶಿವಕ್ಕನ ಚಪ್ಪರದಲ್ಲಿ ಆಲದ ಮರ ಇರಲಿಲ್ಲ.

ಹಿಂದಿನ ಸಂಜೆ ಇತ್ತು, ನಾನೇ ಕಣ್ಣಾರೆ ನೋಡಿದ್ದೆ. ಹನ್ನೆರಡು ಅಡಿ ಎತ್ತರ, ಜೋತುಬಿದ್ದ ಬಿಳಲು, ಬುಡದಲ್ಲೊಂದು ಪೊಟರೆ. ನಮ್ಮ ನಾಟಕಕ್ಕೆಂದು ಪುರುಷೋತ್ತಮ, ತಾಲೀಮು ನಡೆಯುವ ಅದೇ ಚಪ್ಪರದಲ್ಲಿ, ಎರಡು ತಿಂಗಳು ಕೂತು ಮಾಡಿದ ಮರ ಅದು. ಸುರುಳಿ ಸುತ್ತಿದ ಹಳೇ ಪೇಪರಿನ ಕೊಂಬೆ, ಹರಿದ ಗೋಣಿಚೀಲದ ತೊಗಟೆ, ಸೆಣಬಿನ ಬಿಳಲು, ಮೈದಾ ಅಂಟು. ಒಂದು ಮೊಳೆಯಿಲ್ಲ, ಒಂದು ತುಂಡು ಹಲಗೆಯಿಲ್ಲ. ಮೂರು ಭಾಗ ಮಾಡಿದರೆ ಒಬ್ಬರೇ ಎತ್ತಬಹುದಾದಷ್ಟು ಹಗುರ.

"ಮರ ತೋರ್ಸಕ್ಕೆ ಮರ ಕಡೀಬೇಕಾ ಗುರು?" ಎನ್ನುವುದು ಅವನ ವಾದ. ಅವನು ಕಟ್ಟುವ ಸೆಟ್ಟೆಲ್ಲ ನಾಟಕ ಮುಗಿದ ಮೇಲೆ ಗೊಬ್ಬರದ ಗುಂಡಿಗೆ ಹೋಗಬೇಕು. ಥರ್ಮೋಕೋಲ್ ಕಂಡರೆ ಮುಖ ಸಿಂಡರಿಸುವ ಆಸಾಮಿ. ಎಂಬತ್ತಾರನೇ ಇಸವಿಯಲ್ಲಿ ಅವನನ್ನು ಅರ್ಧ ಹುಚ್ಚ ಎಂದುಕೊಂಡವರೇ ಹೆಚ್ಚು. ಪುಸ್ತಕ ಹಿಡಿದು ನಟರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆದ ನಾನೂ ಅವರಲ್ಲೊಬ್ಬ, ಆ ಮರ ನೋಡುವ ತನಕ.

ಸಂಜೆ ಆರಕ್ಕೆ ವಿಜಯನಗರದ ಶಾಲೆಯೊಂದರ ಹಾಲಿನಲ್ಲಿ ಪ್ರದರ್ಶನ. ಕೊನೆಯ ದೃಶ್ಯದಲ್ಲಿ ಪಟೇಲ ಅದೇ ಮರಕ್ಕೆ ನಿಜವಾದ ಕೊಡಲಿ ಹಾಕಬೇಕು. ಮರವಿಲ್ಲದೆ ನಾಟಕವಿಲ್ಲ. ತಂಡದ ಕಾರ್ಯದರ್ಶಿ ಗಂಗಾಧರಯ್ಯನವರು ಮೊದಲೇ ಎಚ್ಚರಿಸಿದ್ದರು—ಈ ಸಲ ಎಡವಟ್ಟಾದರೆ ಮುಂದೆ ಬಾಡಿಗೆ ಪರದೆ, ಪುರುಷೋತ್ತಮನಿಗೆ ದೊಡ್ಡ ನಮಸ್ಕಾರ.

ಪಕ್ಕದ ಕೊಟ್ಟಿಗೆಯಲ್ಲಿ ಹಸುವಿನ ಕಾಲ ಬಳಿ ಹರಿದ ಪೇಪರ್ ಚೂರುಗಳು ಬಿದ್ದಿದ್ದವು.

"ನೋಡಿದ್ರಾ! ಹಸು ತಿಂದಿದೆ!" ಗಂಗಾಧರಯ್ಯನವರು ಒಂದು ಚೂರನ್ನು ಎತ್ತಿ ಹಿಡಿದರು. "ಅಂಟಿಗೆ ಮೈಲುತುತ್ತ ಹಾಕೋ ಅಂತ ಬಡ್ಕೊಂಡೆ. ದನ ಬಾಯಿ ಹಾಕ್ಬಾರ್ದು ಅಂತ ಪೋಸ್ಟರ್ ಅಂಟಿಸೋರೂ ಹಾಕ್ತಾರೆ. ಕೇಳಿದ್ಯಾ?"

"ಅದು ವಿಷ ಸಾರ್. ಮಣ್ಣಿಗೆ ಹೋಗೋ ವಸ್ತುಗೆ ವಿಷ ಬೆರೆಸಲ್ಲ." ಪುರುಷೋತ್ತಮನ ಧ್ವನಿ ಅರ್ಧಕ್ಕೇ ಕುಸಿಯಿತು. "ನಂದೇ ತಪ್ಪು. ಪರದೆ ತರಿಸ್ಬಿಡಿ."

ಅವನ ಮುಖ ನೋಡಿ ನನಗೆ ಸಂಕಟವಾಯಿತು.

ಮನೆಯೊಡತಿ ಶಿವಕ್ಕ ಬಕೆಟ್ ತುಂಬ ಬೂಸಾ ಕಲಸಿ ಹಸುವಿನ ಮುಂದಿಟ್ಟರು. "ಹಗ್ಗ ಬಿಚ್ಕಂಡಿತ್ತು ಕಣಪ್ಪ," ಎಂದರು, ಯಾರ ಮುಖವನ್ನೂ ನೋಡದೆ. ಹಸು ಚಪ್ಪರಿಸಿ ತಿನ್ನತೊಡಗಿತು.

ಅಷ್ಟು ಹೊತ್ತೂ ಸುಮ್ಮನೆ ಅಂಗಳ ಸುತ್ತುತ್ತಿದ್ದವರು ಗುರುಬಸಪ್ಪ. ನಿವೃತ್ತ ಹೆಡ್ ಕಾನ್‌ಸ್ಟೇಬಲ್, ನಾಟಕದಲ್ಲಿ ಪಟೇಲನ ಪಾತ್ರ. ಅಷ್ಟರಲ್ಲಿ ಗೇಟಿನ ಮುಂದೆ ತಳ್ಳುಗಾಡಿ ಬಂದು ನಿಂತಿತು—ಪರದೆ ಬಾಡಿಗೆಗೆ ಕೊಡುವ ವೆಂಕಟಸ್ವಾಮಿ. ಗಾಡಿಯಲ್ಲಿ ಕಾಡಿನ ಪರದೆ!

"ಏನ್ರೀ ವೆಂಕಟಸ್ವಾಮಿ, ಮರ ಹೋಗಿದ್ದು ನಮಗೇ ಈಗ ಗೊತ್ತಾಗಿದೆ. ನಿಮಗೆ ಯಾರು ಹೇಳಿದ್ದು?" ಗುರುಬಸಪ್ಪ ಅಡ್ಡ ನಿಂತರು.

"ಯಾವ ಮರ ಸಾರ್? ಗಂಗಾಧರಯ್ಯನೋರು ನೆನ್ನೇನೇ ಹೇಳಿದ್ರು, ಒಂದು ಪರದೆ ಇರ್ಲಿ ಅಂತ."

ಎಲ್ಲರ ಕಣ್ಣೂ ಕಾರ್ಯದರ್ಶಿಗಳ ಮೇಲೆ.

"ನೆನ್ನೇನೇ? ಹಂಗಾದ್ರೆ ಮರ ಇರಲ್ಲ ಅಂತ ನಿಮಗೆ ಗೊತ್ತಿತ್ತು?" ಎಂದರು ಗುರುಬಸಪ್ಪ.

"ಆ ಮರದ ಮೇಲೆ ನಂಬಿಕೆ ಇರ್ಲಿಲ್ಲ, ಪರದೆಗೆ ಹೇಳಿದ್ದೆ, ನಿಜ! ಆದ್ರೆ ನಾನು ಮರ ಮುಟ್ಟಿಲ್ಲ ಕಣ್ರೀ. ಗೇಟಿಗೆ ಒಳಗಡೆಯಿಂದ ಬೀಗ. ನಾನೇನು ಈ ವಯಸ್ಸಲ್ಲಿ ಕಾಂಪೌಂಡ್ ಹಾರ್ಲಾ?"

ಅವರ ಹೊಟ್ಟೆಯ ಸುತ್ತಳತೆ ನೋಡಿದರೆ ಆ ಮಾತನ್ನು ನಂಬಲೇಬೇಕಿತ್ತು.

ಗುರುಬಸಪ್ಪ ಕೊಟ್ಟಿಗೆಯ ಕಡೆ ನಡೆದರು. ಹಸುವಿನ ಹೊಟ್ಟೆ ಸವರಿದರು. ಬಕೆಟ್ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೋದ ವರ್ಷ ಈ ಹಸು ಗೋಡೆ ಮೇಲಿನ ಒಂದು ಪೋಸ್ಟರ್ ತಿಂತಲ್ಲ, ಜ್ಞಾಪಕ ಇದ್ಯಾ?"

ಜ್ಞಾಪಕವಿಲ್ಲದೆ ಏನು! ದನದ ಡಾಕ್ಟರನ್ನು ಕರೆಯಲು ಸೈಕಲ್ ತುಳಿದವನೇ ನಾನು. "ಶಿವಕ್ಕ ಬೀದಿಗೇ ಕೇಳೋ ಹಾಗೆ ಅತ್ತಿದ್ರು. ಹರಳೆಣ್ಣೆ ಕುಡಿಸಿ, ಇಡೀ ದಿನ ಹಸುಗೆ ಒಂದೆಸಳು ಹುಲ್ಲೂ ಹಾಕಿರ್ಲಿಲ್ಲ."

"ಒಂದು ಪೋಸ್ಟರ್‌ಗೇ ಅಷ್ಟು ಗಾಬರಿ. ಇವತ್ತು ಹನ್ನೆರಡಡಿ ಮರ ತಿಂದಿದೆ ಅಂತೀವಿ. ಸೆಣಬಿನ ಹಗ್ಗದ ಸಮೇತ! ಹೊಟ್ಟೆ ಉಬ್ಬರಿಸಿ ಸತ್ತೇಹೋಗ್ಬೇಕು. ಶಿವಕ್ಕ ಮಾತ್ರ ಬಕೆಟ್ ತುಂಬ ಬೂಸಾ ಇಟ್ಟಿದಾರೆ—ಯಾಕೆ?"

ಗುರುಬಸಪ್ಪ ಕೊಟ್ಟಿಗೆಯ ಪಕ್ಕದ ಹುಲ್ಲಿನ ಮೆದೆಯ ಕಡೆ ತಿರುಗಿದರು.

"ಯಾಕೇಂದ್ರೆ ಹಸು ಏನೂ ತಿಂದಿಲ್ಲ ಅಂತ ಅವರಿಗೆ ಗೊತ್ತು. ಚೂರು ಹಾಕಿದೋರು ಅವರೇ. ಹಸು ಮೇಲೆ ಸುಳ್ಳು ಹೇಳಿದ್ರು, ಆದ್ರೆ ಅದನ್ನ ಹಸಿದಿರೋಕೆ ಬಿಡೋ ಮನಸ್ಸಾಗ್ಲಿಲ್ಲ. ಇನ್ನೊಂದು—ಆ ರಾಗಿಹುಲ್ಲಿನ ಮೆದೆ ನೆನ್ನೆ ಎದೆಮಟ್ಟ ಇತ್ತು, ಇವತ್ತು ಆಳೆತ್ತರ ಆಗಿದೆ."

ಪುರುಷೋತ್ತಮ ಓಡಿಹೋಗಿ ಹುಲ್ಲು ಸರಿಸಿದ. ಪೊಟರೆ ಕಂಡಿತು. ಮರದ ಮೂರು ಭಾಗಗಳನ್ನೂ ಹಳೇ ಕಂಬಳಿಯಲ್ಲಿ ಜೋಪಾನವಾಗಿ ಸುತ್ತಿಡಲಾಗಿತ್ತು. ಒಂದು ಬಿಳಲೂ ಮುರಿದಿರಲಿಲ್ಲ.

"ಯಾಕೆ ಶಿವಕ್ಕ?" ಎಂದರು ಗುರುಬಸಪ್ಪ. ಪೊಲೀಸ್ ಧ್ವನಿ ಎಲ್ಲಿ ಹೋಯಿತೋ.

ಶಿವಕ್ಕ ಜಗಲಿಯ ಮೇಲೆ ಕುಸಿದು ಕೂತರು. "ನಮ್ಮ ಹೊಲದ ಬದೀನಲ್ಲಿತ್ತು ಸಾಮಿ ಈ ಮರ. ರೋಡು ಬಿದ್ದಾಗ ಕಡುದ್ರು. ಪೊಟರೆ ಎಲ್ಲಿತ್ತು, ಯಾವ ಕೊಂಬೆ ಬಗ್ಗಿತ್ತು—ಎಲ್ಲಾ ನಾನೇ ಈ ಮಗೂಗೆ ಹೇಳ್ದೆ. ಅವನು ಹಂಗಂಗೇ ಮಾಡ್ಬುಟ್ಟ. ದಿನಾ ಹಾಲು ಕರೆಯೋವಾಗ ನೋಡ್ತಿದ್ದೆ. ನೆನ್ನೆ ನೀವು ಕೊಡ್ಲಿ ಎತ್ಕಂಡು ತಾಲೀಮು ಮಾಡಿದ್ರಲ್ಲ... ಒಂದ್ಸಲ ಕಡಿಯೋದ್ನ ನೋಡಿವ್ನಿ. ಇನ್ನೊಂದ್ಸಲ ನನ್ ಕೈಲಾಗಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಪುರುಷೋತ್ತಮನ ಕಡೆ ತಿರುಗಿದರು. "ನಿನ್ ಕೆಲ್ಸಕ್ಕೇ ಕುತ್ತು ಬತ್ತದೆ ಅಂತ ಗೊತ್ತಿರ್ಲಿಲ್ಲ ಮಗಾ."

ಗುರುಬಸಪ್ಪನವರು ತಮ್ಮ ಎರಡು ಕೈಗಳನ್ನೂ ಮೊದಲ ಸಲ ನೋಡುವವರಂತೆ ನೋಡಿಕೊಂಡರು.

ಪುರುಷೋತ್ತಮ ಶಿವಕ್ಕನ ಪಕ್ಕದಲ್ಲೇ ಕೂತ. "ಕೊಡಲಿ ಎತ್ತಿದ ತಕ್ಷಣ ದೀಪ ಆರ್ಸೋಣ. ಪರದೆ ಹಿಂದೆ ಯಾವುದಾದ್ರೂ ಕೊರಡಿಗೆ ಮೂರು ಏಟು. ಸದ್ದು ಸಾಕು. ನಾಟಕ ಮುಗಿದ್ಮೇಲೆ ಮರ ಇಲ್ಲಿಗೇ ವಾಪಸ್ ಬರುತ್ತೆ."

"ಮತ್ತೆ ನಿನ್ನ ಗೊಬ್ಬರದ ಗುಂಡಿ?" ಗಂಗಾಧರಯ್ಯನವರು ಕೆಣಕಿದರು.

"ಗುಂಡಿಗೆ ಅವಸರ ಇಲ್ಲ ಸಾರ್. ಅಂಗಳದಲ್ಲಿ ನಿಂತಿರ್ಲಿ. ಮಳೆಗೆ ನೆನೆದು ತಾನಾಗೇ ಮಣ್ಣಾಗ್ಲಿ."

ವೆಂಕಟಸ್ವಾಮಿ ಗೊಣಗುತ್ತಲೇ ಗಾಡಿಯಿಂದ ಪರದೆ ಇಳಿಸಿದ. ಮರದ ಮೂರು ಭಾಗಗಳನ್ನೂ ಶಾಲೆಯವರೆಗೆ ತಳ್ಳಿಕೊಂಡು ಬಂದವನು ಅವನೇ.

ಸಂಜೆ ಶಿವಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದರು. ಪಟೇಲ ಕೊಡಲಿ ಎತ್ತಿದ. ದೀಪ ಆರಿತು. ಕತ್ತಲಲ್ಲಿ ಒಂದು, ಎರಡು, ಮೂರು ಏಟು. ಮುಂದಿನ ಸಾಲಿನಿಂದ ಒಂದು ದನಿ ಎದ್ದಿತು.

"ಕಡೀಲಿಲ್ಲ ತಾನೇ?"

ನನ್ನ ಪುಸ್ತಕದಲ್ಲಿ ಆ ಮಾತಿರಲಿಲ್ಲ.

"ಇಲ್ಲ ಶಿವಕ್ಕ, ಇಲ್ಲ," ಎಂದ ಪುರುಷೋತ್ತಮ ರಂಗದ ಪಕ್ಕದಿಂದ, ನಾಟಕ ನಡೆಯುತ್ತಿದೆ ಎನ್ನುವುದನ್ನೇ ಮರೆತು.

ಯಾರು ಹಾಕಿದರೋ, ದೀಪ ಹತ್ತಿಬಿಟ್ಟಿತು. ಆಲ ಇದ್ದ ಹಾಗೇ ನಿಂತಿತ್ತು. ಅದರ ಮುಂದೆ ಪಟೇಲನ ವೇಷದ ಗುರುಬಸಪ್ಪನವರು ಶಿವಕ್ಕನ ಕಣ್ಣಿಗೆ ಬೀಳದ ಹಾಗೆ ಕೊಡಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದರು.