ಇಪ್ಪತ್ತೈದಕ್ಕೇರಿದ ಹೋಮೋಸಿಸ್ಟೀನ್

"ಅಪ್ಪ ಮಾತ್ರೆನೆಲ್ಲ ಕಸದ ಬುಟ್ಟಿಗೆ ಹಾಕಿಬಿಟ್ರು! ನಿಮ್ಮ ಈ ದರಿದ್ರ ರಿಪೋರ್ಟ್ ನೋಡಿ!"

ಲ್ಯಾಬ್ ಕೌಂಟರಿನ ಮೇಲೆ ಕಾಗದ ಕುಕ್ಕಿದೆ. ರಕ್ತ ತೆಗೆಯುವ ಟೆಕ್ನಿಷಿಯನ್ ತಲೆ ಎತ್ತಲೇ ಇಲ್ಲ. ಮನಸ್ಸಿನಲ್ಲಿ ನಾನು ಅವನಿಗಿಟ್ಟ ಹೆಸರು ಸೂಜಿ.

"ಮೆಲ್ಲಗೆ ಮಾತಾಡಿ. ಇದು ನಿಮ್ಮ ಕಾಲೇಜ್ ಕ್ಯಾಂಟೀನಲ್ಲ."

"ಫೋಲಿಕ್ ಆ್ಯಸಿಡ್, ಬಿ12, ಬಿ6, ಎರಡು ತಿಂಗಳು ಒಂದು ದಿನಾನೂ ತಪ್ಪಿಸಿಲ್ಲ ಅವರು. ರಕ್ತದಲ್ಲಿ ಇಪ್ಪತ್ನಾಲ್ಕಿದ್ದ ಹೋಮೋಸಿಸ್ಟೀನ್ ಇಳಿಯೋದು ಬಿಟ್ಟು ಇಪ್ಪತ್ತೈದಾಗಿದೆ. ಇನ್ಮೇಲೆ ಮಾತ್ರೆ ಮುಟ್ಟಲ್ವಂತೆ!"

ಅಪ್ಪ ಬಸ್ ಡ್ರೈವರ್. ಬಿ12 ಕಡಿಮೆಯಾಗಿ ಪಾದಗಳು ಜೋಮು ಹಿಡಿದು, ಬ್ರೇಕ್ ತುಳಿದದ್ದೇ ಗೊತ್ತಾಗದ ಸ್ಥಿತಿಗೆ ಬಂದಿದ್ದರು. ಆ ಮಾತ್ರೆ ನುಂಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಸೂಜಿ ತಾರೀಖು ನೋಡಿದ. ಮುಖ ಬಿಳಿಚಿಕೊಂಡಿತು.

"ಇದು ಸೋಮವಾರದ್ದು."

"ಹೌದು. ನೀವು ಕಾಲು ಕೆರೆದು ಜಗಳಕ್ಕೆ ಬಂದ ಸೋಮವಾರ."

"ಕ್ಯೂ ಮುರಿದಿದ್ದು ನೀವು!"

"ಅಪ್ಪಂಗೆ ನಿಲ್ಲೋಕಾಗಲ್ಲ ಅಂತ ಬಾಯಿ ಬಡ್ಕೊಂಡೆನಲ್ಲ!"

ಅವನು ರಿಪೋರ್ಟನ್ನು ಪಕ್ಕಕ್ಕೆ ಸರಿಸಿದ. "ಈ ಟೆಸ್ಟಿಗೆ ಟ್ಯೂಬನ್ನ ತಕ್ಷಣ ಐಸಲ್ಲಿಟ್ಟು, ಮೆಷಿನ್ನಲ್ಲಿ ತಿರುಗಿಸಿ ರಕ್ತಕಣ ಬೇರೆ ಮಾಡ್ಬೇಕು. ಸುಮ್ನೆ ಬಿಟ್ರೆ ಕಣದಿಂದ ಹೋಮೋಸಿಸ್ಟೀನ್ ಹೊರಗೆ ಬರ್ತಾನೇ ಇರುತ್ತೆ, ನಂಬರ್ ಸುಳ್ಳುಸುಳ್ಳೇ ಏರುತ್ತೆ. ಅವತ್ತು ಮಧ್ಯಾಹ್ನದವರೆಗೂ ಸ್ಟ್ಯಾಂಡಲ್ಲೇ ಬಿಟ್ಟಿದ್ದೆ. ಆಮೇಲೆ ಏನೂ ಆಗಲ್ಲ ಅಂತ ಮೆಷಿನ್ನಿಗೆ ಹಾಕ್ದೆ."

"ನಿದ್ದೆ ಹೊಡೀತಿದ್ರಾ?"

"ನಿಮಗೇನು ತಿರುಗೇಟು ಕೊಡ್ಬೇಕಿತ್ತು ಅಂತ ಯೋಚಿಸ್ತಿದ್ದೆ."

"ಮಧ್ಯಾಹ್ನದವರೆಗೂ?"

"ಇವತ್ತಿನವರೆಗೂ."

ಅವನ ಕಿವಿಯ ತುದಿ ಕೆಂಪಾಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯಬೇಕಿತ್ತು. ಹಾಳಾದ ನನ್ನ ತುಟಿ ನಗಲು ಹೊರಟಿತ್ತು. ಹಲ್ಲು ಕಚ್ಚಿ ತಡೆದೆ.

"ಇದನ್ನ ಅಪ್ಪನ ಮುಂದೆ ನೀವೇ ಹೇಳ್ಬೇಕು."

"ಮೊದಲು ನಮ್ಮ ಮೇಡಂ ಮುಂದೆ ಹೇಳ್ತೀನಿ."

ಒಳಗೆ ಹೋದ. ಗಾಜಿನ ಬಾಗಿಲಿನಾಚೆ ಮೇಡಂ ಅವನ ಚರ್ಮ ಸುಲಿದದ್ದು ಪೂರ್ತಿ ಕೇಳಿಸಿತು. "ಇನ್ನೊಂದು ಸಲ ಹೀಗಾದ್ರೆ ಮನೆಗೆ!" ಸಂತೋಷಪಡಬೇಕಿತ್ತು ನಾನು. ಯಾಕೋ ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ನಿಂತಿದ್ದೆ.

ಹೊರಬಂದವನು ನೇರವಾಗಿ ನನ್ನ ಕಣ್ಣನ್ನೇ ನೋಡಿದ. "ಮಾತ್ರೆ ಕೆಲಸ ಮಾಡಿದೆಯೋ ಇಲ್ಲವೋ ಸರಿಯಾಗಿ ನೋಡಿ ಹೇಳ್ತೀನಿ. ನಾಳೆ ಕರ್ಕೊಂಡು ಬನ್ನಿ. ಖಾಲಿ ಹೊಟ್ಟೇಲಿ."

"ಅವರು ಈ ಕಡೆ ತಲೆ ಹಾಕಿಯೂ ಮಲಗಲ್ಲ."

"ಐಸ್ ಡಬ್ಬ ಹಿಡ್ಕೊಂಡು ನಾನೇ ಮನೆಗೆ ಬರ್ತೀನಿ."

"ಬೈತಾರೆ."

"ನಿಮಗಿಂತ ಜಾಸ್ತಿನಾ?"

"ಬೆಳಿಗ್ಗೆ ಆರೂವರೆ," ಎಂದು ಅಡ್ರೆಸ್ ಗೀಚಿ ಅವನ ಮುಂದೆ ಎಸೆದೆ. "ಒಂದು ನಿಮಿಷ ತಡವಾದ್ರೂ ಬಾಗಿಲು ತೆಗೆಯಲ್ಲ."

"ಯಾರು, ಅಪ್ಪನಾ?"

"ನಾನು!"