ಹೆಮ್ಮಿಗೆಯ ರಾಜ್ಯಪಾಲ

ಟಿಪ್ಪರ್ ಮತ್ತೆ ಬಂತು!

ಹಿಂದಿನ ಮಡ್‌ಗಾರ್ಡ್‌ಗೆ ಧಡ್ ಎಂದು ಗುದ್ದಿತು. ಬೈಕ್ ಓಲಾಡಿತು. ಹದಿನಾರು ಎಂಬ ಊರು ದಾಟಿ ಎರಡು ಕಿಲೋಮೀಟರ್. ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ.

ಹ್ಯಾಂಡಲ್ ತಿರುಗಿಸಿ ನಾಲೆ ಏರಿಯ ಮೇಲೆ ನುಗ್ಗಿದೆ. ಅದೂ ನುಗ್ಗಿತು. ಆದರೆ ಏರಿ ಅಷ್ಟು ಅಗಲ ಇರಬೇಕಲ್ಲ...

ಚಕ್ರ ಕುಸಿಯಿತು. ಟಿಪ್ಪರ್ ವಾಲಿಕೊಂಡು ನೀರಿಗೆ ಬಿತ್ತು!

ಡ್ರೈವರನ್ನು ಕಾಲರ್ ಹಿಡಿದು ಹೊರಗೆಳೆದೆ. ರಾಜು! ರಾಜೇಂದ್ರನ ಮನೆಯ ಆಳು.

“ಯಾರ್ಲಾ ಕಳ್ಸಿದ್ದು?”

“ಸಾಹೇಬ್ರು ಸಾ... ನೀವು ಮೇಷ್ಟ್ರ ಕಾಗ್ದ ಓದಿದ್ದು ಕಂಡ್ರೆ ಬುಡಬ್ಯಾಡ ಅಂದ್ರು...”

ಕಾಲರ್ ಬಿಟ್ಟು ಜೇಬು ಮುಟ್ಟಿ ನೋಡಿಕೊಂಡೆ. ಕಾಗದ ಅಲ್ಲೇ ಇತ್ತು.

ರಾಜೇಂದ್ರ ಯಾರು ಅಂತೀರಾ? ಹೆಮ್ಮಿಗೆ ಸ್ಕೂಲಿನಲ್ಲಿ ನನ್ನ ಪಕ್ಕ ಕೂತವನು. ಮೂವತ್ತು ವರ್ಷದ ಹಿಂದೆ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ನನ್ನ ಎದುರು ನಿಂತ. ಹನ್ನೊಂದು ಓಟಿನಲ್ಲಿ ಗೆದ್ದ. ಆಮೇಲೆ ತಿರುಗಿ ನೋಡಲಿಲ್ಲ! ಜಿಲ್ಲಾ ಪಂಚಾಯ್ತಿ, ಎಂಎಲ್‌ಎ, ಎರಡು ಸಲ ಮಂತ್ರಿ. ಮೊನ್ನೆ ದೆಹಲಿಯಿಂದ ಆದೇಶ ಬಂತು... ಎಲ್ಲೋ ದೂರದ ಬೆಟ್ಟದ ರಾಜ್ಯಕ್ಕೆ ರಾಜ್ಯಪಾಲ!

ನಾನು? ಸೋತ ಮೇಲೆ ಅವನ ಹಿಂದೆಯೇ ಬಿದ್ದೆ. ಎದುರಾದವರನ್ನು ಹೆದರಿಸುವುದು, ಸಾಕ್ಷಿಗಳ ಬಾಯಿ ಮುಚ್ಚಿಸುವುದು ನನ್ನ ಕೆಲಸ. ಸನ್ಮಾನದಲ್ಲಿ ಅವನ ಕೊರಳಿನ ಹಾರ ತೆಗೆದು ಕಾರಿಗೆ ತುಂಬುವುದೂ ನನ್ನದೇ. ಹೊಟ್ಟೆ ಉರಿಯುತ್ತಿತ್ತು. ಅವನ ಇಸ್ತ್ರಿ ಅಂಗಿ ಕಂಡರೂ ಉರಿಯುತ್ತಿತ್ತು! ನಾನು ಮದುವೆಗೆ ಕೇಳಿದ್ದ ಇಂದ್ರಾಣಿಯನ್ನೂ ಅವಳಪ್ಪ “ಮೆಂಬರ್‌ಗೇ ಕೊಡ್ತೀನಿ” ಅಂದುಬಿಟ್ಟಿದ್ದ.

ಈವತ್ತು ಬೆಳಗ್ಗೆ ರಾಜೇಂದ್ರ ಕರೆದ.

“ನಂಜೇಶ, ಹದಿನಾರಿನ ಶಂಭುಲಿಂಗಪ್ಪ ಮೇಷ್ಟ್ರು ಪೇಪರ್‌ನೋರ್ನ ಕರೀತೀನಿ ಅಂತಾವ್ರೆ. ಅವ್ರತ್ರ ಒಂದು ಹಳೇ ಕಾಗ್ದ ಅದೆ. ಕಿತ್ಕೊಂಡು ಬಾ. ಓದಬ್ಯಾಡ.”

ಮೇಷ್ಟ್ರು ಕಿತ್ತುಕೊಳ್ಳಲು ಬಿಡಲಿಲ್ಲ. ತಾವೇ ಕೊಟ್ಟರು. ಆ ಪಂಚಾಯ್ತಿ ಚುನಾವಣೆಯ ಎಣಿಕೆ ಹಾಳೆ!

“ಆವತ್ತು ಎಣಿಕೆ ಡ್ಯೂಟಿ ನಂದೇ. ಗೆದ್ದಿದ್ದು ನೀನಪ್ಪ. ಅವನ ಕಡೆಯೋರು ಹೆದರ್ಸಿ ಬೇರೆ ಹಾಳೆ ಬರೆಸಿದ್ರು. ಅವನು ರಾಜ್ಯಪಾಲ ಅಂತ ಓದಿದ್ಮೇಲೆ ಅನ್ನ ಇಳೀತಿಲ್ಲ.”

ರಾಜುವನ್ನು ಏರಿಯ ಮೇಲೆ ಬಿಟ್ಟು, ಮೊಬೈಲಿನಲ್ಲಿ ಒಂದು ಕೆಲಸ ಮುಗಿಸಿ, ನಂಜನಗೂಡಿನ ಗೆಸ್ಟ್ ಹೌಸಿಗೆ ಹೋದೆ. ರಾಜೇಂದ್ರ ಒಬ್ಬನೇ ಇದ್ದ. ನನ್ನನ್ನು ಕಂಡವನೇ ನನ್ನ ಹಿಂದೆ ಬಾಗಿಲ ಕಡೆ ನೋಡಿದ.

“ರಾಜು ಎಲ್ಲಿ?”

“ಈಜ್ತಾವ್ನೆ.”

ಕಾಗದ ಬಿಡಿಸಿ ಹಿಡಿದೆ. ಅವನು ನಕ್ಕ.

“ನೀನು ಗೆದ್ದಿದ್ರೂ ಮೆಂಬರಾಗೇ ಸಾಯ್ತಿದ್ದೆ ಕಣ್ಲಾ! ಇಲ್ಲೀಗಂಟ ಬರೋ ತಾಕತ್ತು ನಿಂಗಿತ್ತಾ?”

ಟಿಪ್ಪರ್‌ಗಿಂತ ಜೋರಾಗಿ ಗುದ್ದಿತು ಆ ಮಾತು. ನಿಜ ಇದ್ದರೂ ಇರಬಹುದು...

“ಇಲ್ದೇ ಇರ್ಬೋದು. ಆದ್ರೆ ಇದರ ಫೋಟೋ ಎಲ್ಲಾ ಪೇಪರ್‌ಗೂ ಓಗಾಯ್ತು. ನೀನು ಯೋಳಿ ನಾನು ಮಾಡಿದ್ ಕೆಲಸದ ಲಿಸ್ಟೂವೆ.”

“ಲೋ ಮುಠ್ಠಾಳ! ನೀನೂ ಜೈಲಿಗೆ ಓಯ್ತೀಯ!”

“ಗೊತ್ತು.”

ಎದುರಿನ ಸೋಫಾದಲ್ಲಿ ಕಾಲು ಚಾಚಿ ಕೂತೆ. ಅವನು ನಿಂತೇ ಇದ್ದ.

“ನಾಳೆ ಪೇಪರಲ್ಲಿ ಇಬ್ರ ಹೆಸ್ರೂ ಬತ್ತದೆ ಕಣೋ... ನಂದು ಮೊದ್ಲು ಹಾಕಿ ಅಂತ ಯೋಳಿವ್ನಿ!”